ಕ್ರೂಸರ್ ಬೈಕ್‌ಗೆ ಹೊಸ ಸೈಲೆನ್ಸರ್: ಸದ್ದಿಗೆ ಮಾರುಹೋಗುವ ಮುನ್ನ

ಎಮ್ಮೆದೊಡ್ಡಿ (ಕಡೂರು ತಾಲ್ಲೂಕು): ಬಾಬಾಬುಡನ್‌ಗಿರಿ ಶ್ರೇಣಿಯ ತಪ್ಪಲಿನಲ್ಲಿ, ಮದಗದ ಕೆರೆಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಎಮ್ಮೆದೊಡ್ಡಿ ಸೀಮೆ ಹೆಸರಿನಲ್ಲಿಯೇ ಎಮ್ಮೆಯನ್ನೂ ದೊಡ್ಡಿಯನ್ನೂ ಇಟ್ಟುಕೊಂಡಿರುವ ನಾಡು. ಒಂದು ಮಗ್ಗುಲಲ್ಲಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಶಿವಮೊಗ್ಗದತ್ತ ಸಾಗುವ ಹೆದ್ದಾರಿ; ಇನ್ನೊಂದು ಮಗ್ಗುಲಲ್ಲಿ ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ಘಟ್ಟದ ರಸ್ತೆ. ಶನಿವಾರ, ಭಾನುವಾರ ಬಂತೆಂದರೆ ಈ ರಸ್ತೆಗಳಲ್ಲಿ ಬೆಂಗಳೂರು ಕಡೆಯ ಬೈಕ್ ಸವಾರರ ದಂಡೇ ನೆರೆಯುತ್ತದೆ. ಬೈಕ್ ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ಅದರ ಸದ್ದು ಊರು ತಲುಪಿರುತ್ತದೆ. ಆ ಸದ್ದಿಗೆ ಮನಸೋತ ಸ್ಥಳೀಯ ಯುವಕರೂ ತಮ್ಮ ಮೀಟಿಯರ್, ಥಂಡರ್‌ಬರ್ಡ್, ಅವೆಂಜರ್‌ಗಳ ಮೂಲ ಸೈಲೆನ್ಸರ್ ಬಿಚ್ಚಿಸಿ ಬೇರೊಂದನ್ನು ಹಾಕಿಸಲು ಹಂಬಲಿಸುವುದು ಸಹಜವೇ ಆಗಿದೆ.

ಆದರೆ ಸೈಲೆನ್ಸರ್ ಎಂಬುದು ಸೀಟಿನ ಹೊದಿಕೆಯಂತೆ ಬೇಕೆಂದಾಗ ಬದಲಿಸಬಹುದಾದ ಅಲಂಕಾರದ ವಸ್ತುವಲ್ಲ. ಅದು ಎಂಜಿನ್‌ನ ಅಂಗ, ಮಾಲಿನ್ಯ ನಿಯಂತ್ರಣದ ಸಾಧನ, ಜೊತೆಗೆ ಕಾನೂನಿನ ಕಣ್ಣಿರುವ ಭಾಗ. ಹಣ ತೆತ್ತ ಮೇಲೆ ಪೊಲೀಸರ ಕೈಗೆ ಒಪ್ಪಿಸಬೇಕಾದ ಪ್ರಸಂಗ ಬಾರದಿರಬೇಕಾದರೆ ಕೆಲವು ವಿಷಯಗಳನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಗುಡುಗುಡು ಹುಟ್ಟುವುದೆಲ್ಲಿ?

ಕ್ರೂಸರ್ ಬೈಕುಗಳ ಎಂಜಿನ್ ನಿಧಾನಗತಿಯಲ್ಲಿಯೇ ಹೆಚ್ಚು ಎಳೆತ ನೀಡುವಂತೆ ರೂಪುಗೊಂಡಿರುತ್ತದೆ. ರಾಯಲ್ ಎನ್‌ಫೀಲ್ಡ್ ಸಂಸ್ಥೆ 2020ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಮೀಟಿಯರ್ 350ರ ಎಂಜಿನ್ 349 ಸಿಸಿ ಸಾಮರ್ಥ್ಯದ್ದು. 6,100 ಆರ್‌ಪಿಎಂನಲ್ಲಿ ಸುಮಾರು 20 ಅಶ್ವಶಕ್ತಿ, 4,000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ತಿರುಚುಬಲ ಅದರದು. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಸಿಡಿಯುತ್ತದೆ. ಅಂದರೆ 1,000 ಆರ್‌ಪಿಎಂನಲ್ಲಿ ನಿಂತು ಉಸಿರಾಡುತ್ತಿರುವ ಬೈಕು ಸೆಕೆಂಡಿಗೆ ಎಂಟು ಬಾರಿಯಷ್ಟು ಸಿಡಿಯುತ್ತದೆ. ಕಿವಿಗೆ ಒಂದೊಂದು ಬಡಿತವೂ ಬಿಡಿಯಾಗಿ ಕೇಳುವುದು ಇದರಿಂದಲೇ. 70 ಮಿ.ಮೀ. ಅಗಲ, 90 ಮಿ.ಮೀ. ಉದ್ದದ ಹೊಡೆತವಿದ್ದ ಹಳೆಯ ಎರಕದ ಕಬ್ಬಿಣದ ಬುಲೆಟ್ ಇನ್ನೂ ನಿಧಾನವಾಗಿ ಉಸಿರಾಡುತ್ತಿತ್ತು. ಊರಿನ ಹಿರಿಯರು ಇಂದಿಗೂ ನೆನಪಿಸಿಕೊಳ್ಳುವ ‘ಡುಗು ಡುಗು’ ಅದೇ.

2023ರಲ್ಲಿ ಬಂದ ಸೂಪರ್ ಮೀಟಿಯರ್ 650ರದ್ದು ಬೇರೆಯೇ ಲಯ. ಎರಡು ಸಿಲಿಂಡರ್‌ಗಳ ಕ್ರ್ಯಾಂಕ್ ಅನ್ನು 270 ಡಿಗ್ರಿ ಅಂತರದಲ್ಲಿ ಜೋಡಿಸಿರುವುದರಿಂದ ಸಿಡಿತಗಳ ನಡುವಿನ ಬಿಡುವು ಸಮನಾಗಿರುವುದಿಲ್ಲ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯಂತೂ ತನ್ನ ಎಂಜಿನ್ನಿನ ಸದ್ದನ್ನೇ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿಕೊಳ್ಳಲು 1994ರಲ್ಲಿ ಅರ್ಜಿ ಹಾಕಿ, ಪೈಪೋಟಿ ಸಂಸ್ಥೆಗಳ ಆಕ್ಷೇಪದ ನಡುವೆ 2000ದಲ್ಲಿ ಅದನ್ನು ಕೈಬಿಟ್ಟಿತು. ಸದ್ದಿಗೂ ಮಾರುಕಟ್ಟೆಗೂ ಇರುವ ನಂಟು ಅಷ್ಟು ಗಾಢವಾದದ್ದು.

ಇಲ್ಲಿ ಗಮನಿಸಬೇಕಾದದ್ದೇನೆಂದರೆ ಲಯವನ್ನು ಕೊಡುವುದು ಎಂಜಿನ್, ಸೈಲೆನ್ಸರ್ ಅಲ್ಲ. ಸೈಲೆನ್ಸರ್ ಆ ಲಯವನ್ನು ತಗ್ಗಿಸಬಲ್ಲದು, ಹಿಗ್ಗಿಸಬಲ್ಲದು, ಇಲ್ಲವೇ ಕೆಡಿಸಬಲ್ಲದು. ಒಂಟಿ ಸಿಲಿಂಡರಿನ ಬೈಕಿಗೆ ಎಷ್ಟೇ ದುಬಾರಿ ಸೈಲೆನ್ಸರ್ ಹಾಕಿದರೂ ಅದು ಹಾರ್ಲೆಯಂತೆ ಕೇಳಿಸದು.

ಒಳಗೇನಿದೆ?

ಎಂಜಿನ್‌ನ ಬಾಯಿಯಿಂದ ಹೊರಡುವ ಬೆಂಡ್ ಪೈಪ್, ಅದರ ನಂತರ ವಿಷಾನಿಲಗಳನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಕೊನೆಗೆ ಸೈಲೆನ್ಸರ್. ಇಷ್ಟೂ ಸೇರಿದರೆ ಹೊಗೆ ಹೊರಹೋಗುವ ವ್ಯವಸ್ಥೆ. ಕಾರ್ಖಾನೆಯ ಸೈಲೆನ್ಸರ್ ಒಳಗೆ ಗೋಡೆಗಳಿಂದ ವಿಂಗಡಿಸಿದ ಕೋಣೆಗಳಿರುತ್ತವೆ. ಅನಿಲ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊರಳಿ ಹೊರಳಿ ಸಾಗುವಾಗ ಶಬ್ದದ ಅಲೆಗಳು ಒಂದಕ್ಕೊಂದು ಡಿಕ್ಕಿಯಾಗಿ ಸವೆದುಹೋಗುತ್ತವೆ. ಮಾರುಕಟ್ಟೆಯಲ್ಲಿ ದೊರೆಯುವ ಬಹುತೇಕ ಸೈಲೆನ್ಸರ್‌ಗಳಲ್ಲಿ ಈ ಕೋಣೆಗಳಿಲ್ಲ. ತೂತು ಕೊರೆದ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ ಅಂದರೆ ಗ್ಲಾಸ್‌ವೂಲ್ ಹೊದಿಕೆ, ಬಾಯಿಯಲ್ಲೊಂದು ಕಳಚಬಹುದಾದ ಬ್ಯಾಫಲ್. ಬ್ಯಾಫಲ್ ತೆಗೆದರೆ ಉಳಿಯುವುದು ಬರೀ ಕೊಳವೆ. ಗೋಲ್ಡ್‌ಸ್ಟಾರ್, ಡಾಲ್ಫಿನ್, ಮೆಗಾಫೋನ್, ಬಾಟಲ್, ಇಂದೋರಿ, ಪಂಜಾಬ್ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಮಾಲುಗಳು ಹೊರಗಿನ ಆಕಾರದಲ್ಲಿ ಭಿನ್ನವಾದರೂ ಒಳಗಿನ ಕಥೆ ಬಹುಪಾಲು ಒಂದೇ.

ಮಾರುಕಟ್ಟೆಯಲ್ಲಿ ಎರಡು ಬಗೆಯ ಸರಕು ದೊರೆಯುತ್ತದೆ. ಮೂಲ ಬೆಂಡ್ ಪೈಪನ್ನು ಉಳಿಸಿಕೊಂಡು ತುದಿಯ ಸೈಲೆನ್ಸರನ್ನಷ್ಟೇ ಬದಲಿಸುವುದು ಸ್ಲಿಪ್-ಆನ್. ಎಂಜಿನ್‌ನ ಬಾಯಿಯಿಂದಲೇ ಎಲ್ಲವನ್ನೂ ಬದಲಿಸುವುದು ಪೂರ್ಣ ವ್ಯವಸ್ಥೆ. ಮೇಲ್ನೋಟಕ್ಕೆ ಮೊದಲನೆಯದು ನಿರಪಾಯಕಾರಿ ಎನಿಸುತ್ತದೆ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲವು ಮಾದರಿಗಳಲ್ಲಿ ಬೆಂಡ್ ಪೈಪಿನಲ್ಲಿರುತ್ತದೆ, ಕೆಲವುಗಳಲ್ಲಿ ಸೈಲೆನ್ಸರ್ ಒಳಗೇ ಇರುತ್ತದೆ. ಎರಡನೆಯ ಬಗೆಯ ಬೈಕಿನಲ್ಲಿ ಸೈಲೆನ್ಸರ್ ಬಿಚ್ಚಿದರೆ ಕನ್ವರ್ಟರ್ ಕೂಡ ಅದರೊಂದಿಗೇ ಹೋಯಿತು. ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಇದು.

ಶಕ್ತಿ ಹೆಚ್ಚುವುದೇ?

‘ಸೈಲೆನ್ಸರ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಸಾಮಾನ್ಯ. ಇದರಲ್ಲಿ ಸತ್ಯಾಂಶ ಅಲ್ಪ. 20 ಅಶ್ವಶಕ್ತಿಯ ಎಂಜಿನ್‌ಗೆ ಬರೀ ಸ್ಲಿಪ್-ಆನ್ ಹಾಕುವುದರಿಂದ ಸವಾರನ ಅನುಭವಕ್ಕೆ ಬರುವಷ್ಟು ಶಕ್ತಿ ಸೇರುವುದಿಲ್ಲ. ಸದ್ದು ಹೆಚ್ಚಿದ್ದರಿಂದ ವೇಗ ಹೆಚ್ಚಿತೆಂದು ಭಾಸವಾಗುತ್ತದೆ, ಅಷ್ಟೇ. ಕೊಳವೆ ತೀರಾ ಅಗಲವಾದರೆ ಅನಿಲದ ಹರಿವಿನ ವೇಗ ಕುಗ್ಗಿ, ಕ್ರೂಸರ್‌ಗೆ ಅತ್ಯಗತ್ಯವಾದ ಕೆಳಗಿನ ಆರ್‌ಪಿಎಂನ ಎಳೆತವೇ ಕ್ಷೀಣಿಸುವ ಸಾಧ್ಯತೆಯೂ ಉಂಟು. ಹಿಂಬದಿ ಸವಾರನನ್ನೂ ಸಾಮಾನನ್ನೂ ಹೊತ್ತು ಕೆಮ್ಮಣ್ಣುಗುಂಡಿಯ ತಿರುವುಗಳನ್ನು ಏರುವಾಗ ಇದರ ಪರಿಣಾಮ ತಿಳಿಯುತ್ತದೆ.

ತೂಕ ಕಡಿಮೆಯಾಗುವುದು ಮಾತ್ರ ನಿಜ. ಆದರೆ 191 ಕಿಲೋ ತೂಗುವ ಮೀಟಿಯರ್‌ನಲ್ಲಿಯಾಗಲಿ, 241 ಕಿಲೋದ ಸೂಪರ್ ಮೀಟಿಯರ್‌ನಲ್ಲಿಯಾಗಲಿ ಕೆಲವು ಕಿಲೋಗಳ ಉಳಿತಾಯಕ್ಕೆ ಎಷ್ಟು ಮಹತ್ವ ಕೊಡಬೇಕೆಂಬುದು ಕೊಳ್ಳುವವರಿಗೆ ಬಿಟ್ಟದ್ದು.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನದಂಡ ಈ ಲೆಕ್ಕಾಚಾರವನ್ನೇ ಬದಲಿಸಿತು. ಈ ಬೈಕುಗಳಲ್ಲಿ ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆಯುವ ಸಂವೇದಕವಿದ್ದು, ಅದು ನೀಡುವ ಮಾಹಿತಿಯಂತೆ ವಿದ್ಯುನ್ಮಾನ ನಿಯಂತ್ರಕವು ಪೆಟ್ರೋಲ್ ಸಿಂಪಡಿಸುತ್ತದೆ. ಪೂರ್ಣ ವ್ಯವಸ್ಥೆಯನ್ನು ಬದಲಿಸಿ ನಿಯಂತ್ರಕವನ್ನು ಅದಕ್ಕೆ ಹೊಂದಿಸದಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ಸ್ಥಿತಿ ಉಂಟಾಗಬಹುದು. ಎಂಜಿನ್ ಅತಿಯಾಗಿ ಕಾಯುವುದು, ಬೆಂಡ್ ಪೈಪ್ ನೀಲಿಗಟ್ಟುವುದು, ಆಕ್ಸಿಲರೇಟರ್ ಬಿಟ್ಟಾಗ ಪಟಾಕಿಯಂತೆ ಸಿಡಿಯುವುದು ಇದರ ಲಕ್ಷಣಗಳು. ಹಲವರು ಈ ಪಟಾಕಿ ಸದ್ದನ್ನೇ ಹೆಚ್ಚುಗಾರಿಕೆ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಉರಿಯದೆ ಉಳಿದ ಪೆಟ್ರೋಲ್ ಬಿಸಿ ಕೊಳವೆಯೊಳಗೆ ಹೊತ್ತಿಕೊಳ್ಳುವ ಸದ್ದು. ಎಷ್ಟೋ ಸಲ ಜೋಡಣೆಯ ಗ್ಯಾಸ್ಕೆಟ್ ಸೋರುತ್ತಿರುವುದೂ ಇದಕ್ಕೆ ಕಾರಣವಾಗಿರುತ್ತದೆ.

ಮೈಸೂರಿನ ಜೋಡಿ ಕೊಳವೆ

ಕರ್ನಾಟಕಕ್ಕೂ ಬೈಕಿನ ಸದ್ದಿಗೂ ಹಳೆಯ ಸಂಬಂಧವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳನ್ನು ತಯಾರಿಸಿತು. ಒಂದೇ ಸಿಲಿಂಡರ್‌ಗೆ ಇಕ್ಕೆಲಗಳಲ್ಲಿ ಎರಡು ಸೈಲೆನ್ಸರ್ ಅದರ ಗುರುತು. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಸೈಲೆನ್ಸರ್‌ನ ಉದ್ದ, ಉಬ್ಬು, ತುದಿಯ ರಂಧ್ರಗಳೆಲ್ಲ ಎಂಜಿನ್‌ನ ಶಕ್ತಿಯನ್ನೇ ನಿರ್ಧರಿಸುತ್ತವೆ. ಹೊರಟ ಒತ್ತಡದ ಅಲೆ ಹಿಂದಕ್ಕೆ ಪುಟಿದು ಬಂದು, ಸುಡದ ಪೆಟ್ರೋಲ್ ಮಿಶ್ರಣ ಹೊರಗೆ ಜಾರಿಹೋಗದಂತೆ ತಡೆಯುತ್ತದೆ. ಮಸಿ ತೆಗೆಯಲೆಂದು ಕಳಚುವಂತೆ ಮಾಡಿದ್ದ ಒಳ ಬ್ಯಾಫಲನ್ನು ಸದ್ದಿಗಾಗಿ ಬಿಸಾಡಿದವರು ಶಕ್ತಿಯನ್ನೂ ಮೈಲೇಜನ್ನೂ ಕಳೆದುಕೊಂಡದ್ದೇ ಹೆಚ್ಚು.

ಹೊರಗಿನ ಸೈಲೆನ್ಸರ್ ಕೊಳ್ಳುವುದು ನಿಜಕ್ಕೂ ಅನಿವಾರ್ಯವಾಗುವುದು ಇಂಥ ಹಳೆಯ ಬೈಕುಗಳಿಗೆ. ಮೂಲ ಬಿಡಿಭಾಗ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ತುಕ್ಕು ತಿಂದ ಕೊಳವೆಯ ಬದಲಿಗೆ ಮೂಲ ಅಳತೆಯಲ್ಲಿಯೇ ತಯಾರಾದ ಮರುಸೃಷ್ಟಿಯನ್ನು ಹುಡುಕಬೇಕಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಇಂದಿಗೂ ಜನ ಎಡತಾಕುವುದಕ್ಕೆ ಇಂಥವೂ ಕಾರಣ.

ಕಾನೂನು ಏನೆನ್ನುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಶಬ್ದವನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ತಯಾರಿಕೆಯ ಹಂತದಲ್ಲಿ ಪಾಲಿಸಬೇಕಾದ ಶಬ್ದಮಿತಿಯೂ ನಿಗದಿಯಾಗಿದೆ. 2005ರಿಂದ ಜಾರಿಯಲ್ಲಿರುವ ಮಿತಿಯಂತೆ 80 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ 75 ಡೆಸಿಬೆಲ್, 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟವಕ್ಕೆ 80 ಡೆಸಿಬೆಲ್. ಹಾದುಹೋಗುವ ವಾಹನದಿಂದ 7.5 ಮೀಟರ್ ದೂರದಲ್ಲಿ ಮೈಕ್ ಇರಿಸಿ ಇದನ್ನು ಅಳೆಯುತ್ತಾರೆ. ಕ್ರೂಸರ್‌ಗಳೆಲ್ಲ ಬಹುತೇಕ 80ರ ಮಿತಿಯ ವರ್ಗಕ್ಕೇ ಸೇರುತ್ತವೆ.

2019ರ ಸೆಪ್ಟೆಂಬರ್ 1ರಂದು ಜಾರಿಯಾದ ತಿದ್ದುಪಡಿ ಶಿಕ್ಷೆಯನ್ನು ಬಿಗಿಗೊಳಿಸಿತು. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್‌ನಂತೆ ಶಬ್ದ ಹಾಗೂ ವಾಯುಮಾಲಿನ್ಯದ ಮಾನದಂಡ ಉಲ್ಲಂಘಿಸಿದರೆ ಮೊದಲ ಸಲವೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದರೊಂದಿಗೆ ಮೂರು ತಿಂಗಳು ಚಾಲನಾ ಪರವಾನಗಿ ಹೊಂದುವ ಅರ್ಹತೆಯೂ ತಪ್ಪುತ್ತದೆ. ಹೊಸದಾಗಿ ಸೇರಿದ 182ಎ(4)ನೇ ಸೆಕ್ಷನ್ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರನ್ನೇ ಹೊಣೆಯಾಗಿಸಿದೆ: ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಸ್ಥಳದಲ್ಲಿಯೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ರಾಜ್ಯ ಸರಕಾರ ನಿಗದಿಪಡಿಸುವುದರಿಂದ ಅದು ಈ ಗರಿಷ್ಠ ಮಿತಿಗಿಂತ ಕಡಿಮೆ ಇರಬಹುದು. ಆದರೆ ದಂಡದ ಜೊತೆ ಸೈಲೆನ್ಸರ್ ಕೂಡ ಕೈಬಿಡುತ್ತದೆ. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ ದೃಶ್ಯವನ್ನು ಓದುಗರು ನೋಡಿಯೇ ಇರುತ್ತಾರೆ.

‘ಆರ್‌ಸಿ ಪುಸ್ತಕದಲ್ಲಿ ಸೈಲೆನ್ಸರ್ ಪ್ರಸ್ತಾಪವೇ ಇಲ್ಲವಲ್ಲ’ ಎಂಬುದು ಸವಾರರ ವಾದ. ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುವುದು ನೋಂದಣಿ ಪತ್ರದಲ್ಲಿ ನಮೂದಾದ, ತಯಾರಕರು ನೀಡಿದ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಈ ಸೆಕ್ಷನ್‌ನ ಮಟ್ಟಿಗೆ ಸೈಲೆನ್ಸರ್ ಕುರಿತು ವಾದಕ್ಕೆ ಎಡೆಯಿದೆ ಎಂದೇ ಇಟ್ಟುಕೊಂಡರೂ 120ನೇ ನಿಯಮ ಹಾಗೂ 190(2)ನೇ ಸೆಕ್ಷನ್ ಪ್ರತ್ಯೇಕವಾಗಿಯೇ ನಿಂತಿವೆ. ಅಲ್ಲಿ ಆ ವಾದ ನಡೆಯದು.

ಇನ್ನೊಂದು ತಪ್ಪು ತಿಳಿವಳಿಕೆ ಹೊಗೆ ತಪಾಸಣಾ ಪತ್ರದ ಕುರಿತಾದದ್ದು. ಆ ತಪಾಸಣೆ ನಿಂತ ಬೈಕಿನ ಹೊಗೆಯನ್ನು ಪರೀಕ್ಷಿಸುತ್ತದೆಯೇ ಹೊರತು ಸದ್ದನ್ನಲ್ಲ. ಪತ್ರ ಸಿಕ್ಕಿತೆಂದ ಮಾತ್ರಕ್ಕೆ ಸೈಲೆನ್ಸರ್ ಸಮ್ಮತವೆಂದು ಅರ್ಥವಲ್ಲ. ಹಾಗೆಯೇ ಕೊಳವೆಯ ಮೇಲೆ ಕೆತ್ತಿರುವ ಯುರೋಪಿನ ‘ಇ’ ಮುದ್ರೆಯೂ ಭಾರತದಲ್ಲಿ ಪರವಾನಗಿಯಾಗದು. ಇಲ್ಲಿ ಮಾದರಿಗಳನ್ನು ಪರೀಕ್ಷಿಸಿ ಅನುಮೋದಿಸುವುದು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು.

ಹತ್ತು ಡೆಸಿಬೆಲ್ ಎಂದರೆ

80ಕ್ಕೂ 90ಕ್ಕೂ ಹತ್ತರ ಅಂತರವಷ್ಟೇ ಎಂದು ತೋರಬಹುದು. ಡೆಸಿಬೆಲ್ ಲೆಕ್ಕ ಹಾಗಲ್ಲ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗಿ ಕೇಳುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಈ ಲೆಕ್ಕದಂತೆ 80 ಡೆಸಿಬೆಲ್‌ನ ಬೈಕು ಸುಮಾರು 120 ಮೀಟರ್ ದೂರದಲ್ಲಿ 56ಕ್ಕೆ ಇಳಿದರೆ, 90 ಡೆಸಿಬೆಲ್‌ನದು ಅಷ್ಟು ಇಳಿಯಲು ಸುಮಾರು 380 ಮೀಟರ್ ದೂರ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ವಿಧಿಸಿರುವ ಮಿತಿ ಹಗಲು 55, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಇವು ಸರಾಸರಿ ಮಿತಿಗಳಾದ್ದರಿಂದ ಹಾದುಹೋಗುವ ಒಂದು ಬೈಕಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ನಿದ್ದೆಗೆಟ್ಟ ಊರಿನವರ ಸಿಟ್ಟಿಗೆ ಕಾರಣವೇನೆಂಬುದನ್ನು ಇವು ತಿಳಿಸುತ್ತವೆ.

ಸವಾರನ ಕಿವಿಯೂ ಸುರಕ್ಷಿತವಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದರ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಸಹಿಸಬಹುದಾದರೆ 94 ಡೆಸಿಬೆಲ್‌ಗೆ ಒಂದು ಗಂಟೆ, 100 ಡೆಸಿಬೆಲ್‌ಗೆ ಕೇವಲ 15 ನಿಮಿಷ ಮಾತ್ರ. ಬೆಂಗಳೂರಿನಿಂದ ಕಡೂರಿಗೆ ಎಷ್ಟು ಹೊತ್ತಿನ ದಾರಿಯೆಂಬುದನ್ನು ಸವಾರರೇ ಲೆಕ್ಕ ಹಾಕಬಹುದು.

‘ಸದ್ದಿದ್ದರೆ ಎದುರಿನವರು ಎಚ್ಚರವಾಗುತ್ತಾರೆ, ಅಪಘಾತ ತಪ್ಪುತ್ತದೆ’ ಎಂಬ ಸಮರ್ಥನೆಯೂ ಇದೆ. ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಎದುರಿನಿಂದ ಗಾಜು ಏರಿಸಿಕೊಂಡು ಬರುವ ಕಾರಿನವರಿಗೆ ಆ ಸದ್ದು ತಲುಪುವ ವೇಳೆಗೆ ಬೈಕು ಅವರ ಕಣ್ಣಿಗೇ ಬಿದ್ದಿರುತ್ತದೆ.

ಕಾಡು, ಕಾವಲು ಮತ್ತು ಬೆಂಕಿ

ಈ ಸೀಮೆಗೆ ವಿಶೇಷವಾದ ಇನ್ನೊಂದು ಆಯಾಮವಿದೆ. ತರೀಕೆರೆಯ ಲಕ್ಕವಳ್ಳಿ ಭಾಗವು 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದ ಅಂಚು. ಅಜ್ಜಂಪುರ ಅಮೃತ್ ಮಹಲ್ ತಳಿಯ ರಾಸುಗಳ ಸಂವರ್ಧನೆಗೆ ಹೆಸರಾದ ಊರು. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲು ಕೃಷ್ಣಮೃಗಗಳ ನೆಲೆ. 2011ರಲ್ಲಿ ಅದು ಸಂರಕ್ಷಿತ ಮೀಸಲು ಎಂದು ಘೋಷಣೆಯಾಯಿತು. ಮೇಯಲು ಬಿಟ್ಟ ದನ ಸಿಡಿಮದ್ದಿನಂಥ ಸದ್ದಿಗೆ ಬೆದರಿ ರಸ್ತೆಗೆ ಅಡ್ಡ ನುಗ್ಗಿದರೆ ಮೊದಲು ಬೀಳುವವನು ಬೈಕ್ ಸವಾರನೇ. ಆನೆ ಸಂಚಾರವಿರುವ ದಾರಿಯಲ್ಲಂತೂ ಬೈಕಿನ ಅಬ್ಬರದ ನಡುವೆ ಪಕ್ಕದ ಪೊದೆಯಲ್ಲಿ ಕೊಂಬೆ ಮುರಿದ ಸದ್ದು ಸವಾರನಿಗೆ ಕೇಳಿಸುವುದೇ ಇಲ್ಲ.

ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಈ ಗುಡ್ಡಗಳ ಹುಲ್ಲು ಒಣಗಿ ಸೌದೆಯಂತಾಗಿರುತ್ತದೆ. ಓಡಿ ಬಂದ ಬೈಕಿನ ಬೆಂಡ್ ಪೈಪ್ ನೂರಾರು ಡಿಗ್ರಿ ಕಾದಿರುತ್ತದೆ. ಮೂಲ ವ್ಯವಸ್ಥೆಯಲ್ಲಿ ಇದನ್ನು ಮರೆಮಾಡುವ ತಗಡಿನ ಕವಚವಿದ್ದರೆ ಹೊರಗಿನ ಹಲವು ಕೊಳವೆಗಳಿಗೆ ಅದಿರುವುದಿಲ್ಲ. ಬ್ಯಾಫಲ್ ತೆಗೆದ ಸೈಲೆನ್ಸರ್ ಒಮ್ಮೊಮ್ಮೆ ಜ್ವಾಲೆಯನ್ನೇ ಉಗುಳುತ್ತದೆ. ಅಂಥ ಬೈಕನ್ನು ಹುಲ್ಲಿನ ಮೇಲೆ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳಲೇಬೇಕೆಂದಾದರೆ

ಮೊದಲು ಬೈಕ್ ತಯಾರಕರ ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸುವುದು ಸೂಕ್ತ. ಆ ಮಾದರಿಗೆಂದೇ ಅನುಮೋದಿತ ಸೈಲೆನ್ಸರ್ ಇದ್ದಲ್ಲಿ ಖಾತರಿಯೂ ಉಳಿಯುತ್ತದೆ, ರಸ್ತೆಯ ತಕರಾರೂ ಇರದು. ಹೊರಗಿನ ಸರಕಿನ ಬೆಲೆ ಕೆಲವು ಸಾವಿರದಿಂದ ಆರಂಭವಾಗಿ, ವಿದೇಶಿ ಟೈಟಾನಿಯಂ ವ್ಯವಸ್ಥೆಗಳಾದರೆ ಲಕ್ಷ ಮೀರುತ್ತದೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಅದು ಕಾನೂನುಬದ್ಧವೆಂದು ತಿಳಿಯಬೇಕಿಲ್ಲ. ಅನುಮೋದನೆಯ ದಾಖಲೆಯನ್ನು ಬಿಲ್ಲಿನ ಜೊತೆ ಕೇಳಬೇಕು. ‘ರೇಸಿಂಗ್ ಟ್ರ್ಯಾಕ್ ಬಳಕೆಗೆ ಮಾತ್ರ’ ಎಂದು ಪೊಟ್ಟಣದ ಮೇಲೆ ಸಣ್ಣಕ್ಷರಗಳಲ್ಲಿ ಅಚ್ಚಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಲೋಹವನ್ನು ಗಮನಿಸಬೇಕು. ಮಲೆನಾಡಿನ ಮಳೆಗೆ ಕ್ರೋಮ್ ಲೇಪಿಸಿದ ಸಾಧಾರಣ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತದೆ, 409 ದರ್ಜೆಯದು ಅಗ್ಗ. ಒಂದು ಪುಟ್ಟ ಅಯಸ್ಕಾಂತ ಒಯ್ದರೆ ಸಾಕು: 409ಕ್ಕೆ ಅದು ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಬಹುತೇಕ ಅಂಟುವುದಿಲ್ಲ. ಗ್ಲಾಸ್‌ವೂಲ್ ತುಂಬಿದ ಸೈಲೆನ್ಸರ್ ಆದರೆ ಉಣ್ಣೆ ಕಾಲಕ್ರಮೇಣ ಸುಟ್ಟು ಉದುರುತ್ತದೆ. ಕೊಂಡ ದಿನ ಮಿತಿಯೊಳಗಿದ್ದ ಸದ್ದು ವರ್ಷ ಕಳೆದ ಮೇಲೆ ಮಿತಿ ಮೀರಬಹುದು. ಮತ್ತೆ ತುಂಬಿಸಲು ಬಿಚ್ಚುವಂತಿದೆಯೇ ಎಂದು ನೋಡಿಕೊಳ್ಳಬೇಕು.

ಕ್ರೂಸರ್‌ನಲ್ಲಿ ಸೀಟು ತಗ್ಗು, ಸೈಲೆನ್ಸರ್ ಉದ್ದ. ಹಿಂಬದಿ ಸವಾರರ ಪಾದ, ಸೀರೆಯ ಸೆರಗು, ಇಳಿಬಿಟ್ಟ ಚೀಲ ಎಲ್ಲವೂ ಕೊಳವೆಯ ಸನಿಹವೇ. ಸೈಡ್ ಸ್ಟ್ಯಾಂಡ್ ಮಡಚಿದಾಗ ತಾಗುತ್ತದೆಯೇ, ತಿರುವಿನಲ್ಲಿ ವಾಲಿದಾಗ ನೆಲ ಉಜ್ಜುತ್ತದೆಯೇ, ಸಂವೇದಕ ಕೂರಿಸುವ ಜಾಗವಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ ಬಳಸದೆ ಹೊಸದನ್ನೇ ಹಾಕಿಸಬೇಕು. ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಕೂರಿಸಿ, ಕೊಳವೆ ನೇರವಾಗಿದೆಯೆಂದು ಖಚಿತವಾದ ಮೇಲೆ ಬಿಗಿಗೊಳಿಸಬೇಕು. ಸೈಲೆನ್ಸರ್‌ನ ಅಡಿಯಲ್ಲಿರುವ ಸಣ್ಣ ರಂಧ್ರ ದೋಷವಲ್ಲ, ಒಳಗೆ ಕೂಡುವ ನೀರು ಹರಿದುಹೋಗುವ ದಾರಿ. ಅದನ್ನು ವೆಲ್ಡ್ ಮಾಡಿಸಿ ಮುಚ್ಚಿಸಿದವರ ಸೈಲೆನ್ಸರ್ ಒಳಗಿನಿಂದಲೇ ತುಕ್ಕು ಹಿಡಿದಿದೆ.

ಬಿಚ್ಚಿದ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇರಿಸುವುದು ಒಳಿತು. ಖಾತರಿಯ ಅವಧಿಯಲ್ಲಿ ಎಂಜಿನ್ ದುರಸ್ತಿಗೆ ಹೋದಾಗ, ಬೈಕು ಮಾರುವಾಗ ಅದು ಬೇಕಾಗುತ್ತದೆ. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣಕ್ಕಾಗಿ ಚಿಕ್ಕಮಗಳೂರಿನಲ್ಲಿಯೋ ತರೀಕೆರೆಯಲ್ಲಿಯೋ ಇರುವ ಸಾರಿಗೆ ಕಚೇರಿಯ ಅಂಗಳದಲ್ಲಿ ಬೈಕನ್ನು ತಪಾಸಣೆಗೆ ನಿಲ್ಲಿಸಿದಾಗಲಂತೂ ಅಟ್ಟದಿಂದ ಅದನ್ನು ಇಳಿಸಲೇಬೇಕಾಗುತ್ತದೆ.